ಬೆರಳಿಗೆ ಹಾಕುವ ಕ್ಲಿಪ್ಪಿಗೆ ಆಕ್ಸಿಜನ್ ಲೆಕ್ಕ ಸಿಗುವುದು ಹೇಗೆ?

[ಕ್ಲೋಸಪ್: ಬೆರಳಿಗೆ ಆಕ್ಸಿಮೀಟರ್. ಪರದೆಯಲ್ಲಿ 97.]

ನಮಸ್ಕಾರ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂತಲ್ಲ, ಇದೇ ಕ್ಲಿಪ್ಪು. ಸೂಜಿ ಚುಚ್ಚದೆ, ರಕ್ತ ತೆಗೆಯದೆ ಇದು ಆಕ್ಸಿಜನ್ ಅಳೆಯುವುದು ಹೇಗೆ?

ಒಳಗೆ ಎರಡು ಎಲ್‌ಇಡಿ ಇವೆ. ಒಂದು ಕೆಂಪು, ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ರಕ್ತದಲ್ಲಿ ಆಕ್ಸಿಜನ್ ಸಾಗಿಸುವುದು ಹಿಮೋಗ್ಲೋಬಿನ್. ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್ ಇನ್‌ಫ್ರಾರೆಡ್ ಬೆಳಕನ್ನು ಜಾಸ್ತಿ ಹೀರುತ್ತದೆ, ಕೆಂಪನ್ನು ಕಡಿಮೆ. ಆಕ್ಸಿಜನ್ ಇಲ್ಲದ್ದು ಇದರ ಉಲ್ಟಾ. ಬೆರಳಿನ ಆಚೆ ಎಷ್ಟು ಬೆಳಕು ಬಂತು ಅಂತ ನೋಡಿದರೆ ಆಯ್ತು, ಅಲ್ವಾ?

ಅಷ್ಟು ಸುಲಭ ಇಲ್ಲ. ಚರ್ಮ, ಮೂಳೆ, ಮಾಂಸ ಎಲ್ಲವೂ ಬೆಳಕು ಹೀರುತ್ತವೆ. ನಮಗೆ ಬೇಕಿರುವುದು ಹೃದಯದಿಂದ ಬರುವ ರಕ್ತದ ಲೆಕ್ಕ ಮಾತ್ರ. ಅದಕ್ಕೇ ಹಳೆಯ ಕೆಲವು ಯಂತ್ರಗಳಲ್ಲಿ ಮೊದಲು ಕಿವಿ ಹಿಂಡಿ, ರಕ್ತ ಖಾಲಿ ಮಾಡಿ, ಸೊನ್ನೆ ಗುರುತು ಹಾಕಿಕೊಳ್ಳಬೇಕಿತ್ತು!

[ಗ್ರಾಫ್: ನಾಡಿಯ ಜೊತೆ ಏರಿಳಿಯುವ ಗೆರೆ.]

1970ರ ದಶಕದ ಆರಂಭ, ಜಪಾನ್. ನಿಹಾನ್ ಕೋಡೆನ್ ಕಂಪನಿಯ ಎಂಜಿನಿಯರ್ ತಕುವೊ ಅವೊಯಾಗಿ ಆಕ್ಸಿಜನ್ ಹಿಂದೆ ಬಿದ್ದವರೇ ಅಲ್ಲ. ಹೃದಯ ಎಷ್ಟು ರಕ್ತ ತಳ್ಳುತ್ತದೆ ಎಂದು ಅಳೆಯಲು ಹೊರಟಿದ್ದರು. ರಕ್ತಕ್ಕೆ ಬಣ್ಣ ಸೇರಿಸಿ, ಕಿವಿಯ ಮೂಲಕ ಬೆಳಕು ಹಾಯಿಸಿ, ಬಣ್ಣ ತಿಳಿಯಾಗುವುದನ್ನು ನೋಡುತ್ತಿದ್ದರು. ನಾಡಿ ಮಿಡಿದಾಗಲೆಲ್ಲ ಗೆರೆ ಕುಣಿಯುತ್ತಿತ್ತು. ಆ ಕಾಟ ತಪ್ಪಿಸಲು ಇನ್‌ಫ್ರಾರೆಡ್ ಬೆಳಕನ್ನೂ ಬಳಸಿ ಸರಿದೂಗಿಸಿದರು. ಕುಣಿತ ನಿಂತಿತು. ಆದರೆ ರಕ್ತದ ಆಕ್ಸಿಜನ್ ಇಳಿದ ಕೂಡಲೇ ಮತ್ತೆ ಹಾಜರ್!

ಆಗಲೇ ಹೊಳೆಯಿತು. ಮೂಳೆ, ಚರ್ಮ ಸುಮ್ನೆ ಇರುತ್ತವೆ, ಮಿಡಿಯುವುದು ಹೃದಯದಿಂದ ಬಂದ ರಕ್ತ. ಕಾಟ ಅಂದುಕೊಂಡಿದ್ದನ್ನೇ ಅಳೆದರೆ ಸಾಕು, ಕಿವಿ ಹಿಂಡುವ ಕೆಲಸವೇ ಇಲ್ಲ. 1974ರಲ್ಲಿ ಪೇಟೆಂಟ್‌ಗೆ ಅರ್ಜಿ ಹೋಯಿತು. ರೋಗಿಗಳ ಮೇಲೆ ಪರೀಕ್ಷಿಸಿದವರು ಸರ್ಜನ್ ಸುಸುಮು ನಕಜಿಮಾ. 1977ರಲ್ಲಿ ಬೆರಳಿಗೆ ಹಾಕುವ ಯಂತ್ರ ತಂದದ್ದು ಯಾರು ಗೊತ್ತಾ? ಕ್ಯಾಮೆರಾ ಮಾಡುತ್ತಿದ್ದ ಮಿನೋಲ್ಟಾ.

ನನ್ನ ತಕರಾರು ಇರುವುದು ಮುಂದಿನ ಹಂತದಲ್ಲಿ. ಪರದೆಯ 97 ಅಂದರೆ ನೂರರಲ್ಲಿ 97 ಪಾಲು ಹಿಮೋಗ್ಲೋಬಿನ್ ಆಕ್ಸಿಜನ್ ಹೊತ್ತಿದೆ ಅಂತ. ಬೆಳಕಿನ ಲೆಕ್ಕ ಈ ಅಂಕಿ ಆಗುವುದು ಬರೀ ಸೂತ್ರದಿಂದಲ್ಲ. ಆರೋಗ್ಯವಂತರಿಗೆ ಆಕ್ಸಿಜನ್ ಕಡಿಮೆ ಇರುವ ಗಾಳಿ ಕೊಟ್ಟು, ಅವರ ರಕ್ತವನ್ನು ಲ್ಯಾಬಿನಲ್ಲಿ ಅಳೆದು, ಎರಡನ್ನೂ ತಾಳೆ ಹಾಕಿರುತ್ತಾರೆ. ಅವರನ್ನು ಸುಮಾರು 70ಕ್ಕಿಂತ ಕೆಳಗೆ ಇಳಿಸುವುದಿಲ್ಲ. ಹಾಗಾಗಿ ಅದಕ್ಕಿಂತ ಕೆಳಗಿನ ಅಂಕಿಯೆಲ್ಲ ಅಂದಾಜು. ಆ ಜನರಲ್ಲಿ ಕಪ್ಪು ಮೈಬಣ್ಣದವರು ಕಡಿಮೆ ಇದ್ದರೆ? 2020ರಲ್ಲಿ ಅಮೆರಿಕದ ಮಿಷಿಗನ್‌ನ ವೈದ್ಯರು ನೋಡಿದರು. ಕ್ಲಿಪ್ 92ರಿಂದ 96 ತೋರಿಸುತ್ತಿದ್ದಾಗಲೂ ರಕ್ತದಲ್ಲಿ 88ಕ್ಕಿಂತ ಕಡಿಮೆ ಇದ್ದ ಪ್ರಸಂಗ ಬಿಳಿಯರಲ್ಲಿ ಶೇ. 3.6, ಕಪ್ಪು ಜನರಲ್ಲಿ ಶೇ. 11.7. ನಮ್ಮ ಮೈಬಣ್ಣದವರೂ ಯೋಚಿಸಬೇಕಾದ ಮಾತು ಇದು.

[ತೆರೆಯ ಮೇಲೆ: ಇದ್ದಿಲ ಒಲೆ, ಮುಚ್ಚಿದ ಕಿಟಕಿ.]

ಇನ್ನೊಂದು ವಿಷಯ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿ ಯಾರಿಗಾದರೂ ತಲೆಸುತ್ತು ಬಂದರೆ ಈ ಕ್ಲಿಪ್ಪನ್ನು ನಂಬಬೇಡಿ. ಕಾರ್ಬನ್ ಮೊನಾಕ್ಸೈಡ್ ಹಿಡಿದ ರಕ್ತವೂ ಇದಕ್ಕೆ ಆಕ್ಸಿಜನ್ ತುಂಬಿದ ಹಾಗೇ ಕಾಣುತ್ತದೆ. 98 ತೋರಿಸಿದರೂ ಸರಿ, ಅವರನ್ನು ಹೊರಗೆ ಗಾಳಿಗೆ ತಂದು, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.