ಸಮುದಾಯ ಚಿತ್ರೋತ್ಸವಕ್ಕೆ ನಿಮ್ಮ ಸಿನಿಮಾ ಕಳಿಸುವ ಮುನ್ನ

(ಕಪ್ಪು ಪರದೆ. ಕೀಬೋರ್ಡ್ ಸದ್ದು. ನಿಧಾನಕ್ಕೆ ಲ್ಯಾಪ್‌ಟಾಪ್ ಬೆಳಕು.)

ರಾತ್ರಿ ಹತ್ತೂವರೆ. ಚಿತ್ರೋತ್ಸವದ ಆಯ್ಕೆ ತಂಡದ ಒಬ್ಬರು ಕೆಲಸ ಮುಗಿಸಿ ಬಂದು, ಊಟ ಮಾಡಿ, ಲ್ಯಾಪ್‌ಟಾಪ್ ತೆರೆದು ಕೂತಿದ್ದಾರೆ. ಕಿವಿಗೆ ಹೆಡ್‌ಫೋನ್. ಇವತ್ತು ಅವರು ನೋಡಬೇಕಾದ ಚಿತ್ರಗಳು ಒಂಬತ್ತು. ಏಳನೆಯದು ನಿಮ್ಮದು. ಲಿಂಕ್ ಒತ್ತುತ್ತಾರೆ. ಪಾಸ್‌ವರ್ಡ್ ಕೇಳುತ್ತದೆ. ಫಾರ್ಮ್‌ನಲ್ಲಿ ನೀವು ಬರೆದಿದ್ದನ್ನೇ ಹಾಕುತ್ತಾರೆ. ತಪ್ಪು ಅನ್ನುತ್ತದೆ. ಇನ್ನೊಂದು ಸಲ ಹಾಕುತ್ತಾರೆ. ಮತ್ತೆ ತಪ್ಪು. ಎಂಟನೆಯ ಚಿತ್ರಕ್ಕೆ ಹೋಗುತ್ತಾರೆ.

ನನ್ನ ಮೊದಲ ಕಿರುಚಿತ್ರಕ್ಕೆ ಆಗಿದ್ದು ಇದೇ. ಚಿತ್ರ ಕಳಿಸಿ ಎರಡು ವಾರ ಆದಮೇಲೆ ಎಡಿಟ್ ಸ್ವಲ್ಪ ತಿದ್ದಿದೆ. ಹೊಸ ಫೈಲ್ ಹಾಕುವಾಗ ಪಾಸ್‌ವರ್ಡ್ ಕೂಡ ಬದಲಾಯಿಸಿದೆ. ಫಾರ್ಮ್ ತಿದ್ದುವುದು ಮರೆತೇ ಹೋಯಿತು. ಆ ಚಿತ್ರವನ್ನು ಅಲ್ಲಿ ಯಾರೂ ನೋಡಲೇ ಇಲ್ಲ. ಚೆನ್ನಾಗಿಲ್ಲ ಅಂತ ಬಿಟ್ಟಿದ್ದರೂ ಇಷ್ಟು ಬೇಜಾರಾಗುತ್ತಿರಲಿಲ್ಲ.

(ನಿರೂಪಕರು ಕ್ಯಾಮೆರಾ ಮುಂದೆ.)

ನಮಸ್ಕಾರ. ಆಮೇಲೆ ನಾನೇ ಒಂದು ಸಣ್ಣ ಚಿತ್ರೋತ್ಸವದ ಆಯ್ಕೆ ತಂಡದಲ್ಲಿ ಕೂತು ಚಿತ್ರ ನೋಡಿದೆ. ಎರಡೂ ಕಡೆ ಇದ್ದು ನೋಡಿದ ಮೇಲೆ ಒಂದು ವಿಷಯ ಮನಸ್ಸಲ್ಲಿ ಗಟ್ಟಿಯಾಗಿ ಕೂತಿದೆ. ನಿಮ್ಮ ಚಿತ್ರದ ಮೊದಲ ಪ್ರದರ್ಶನ ಹಾಲ್‌ನಲ್ಲಿ ಆಗುವುದಿಲ್ಲ. ಆ ರಾತ್ರಿ, ಆ ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಆಗುತ್ತದೆ. ಅವರಿಗೆ ಸಂಬಳ ಇಲ್ಲ. ಸಿನಿಮಾ ಮೇಲಿನ ಪ್ರೀತಿಗೆ ಕೂತಿರುತ್ತಾರೆ. ಫಾರ್ಮ್ ತುಂಬುವಾಗ ಅವರನ್ನು ನೆನಪಿಟ್ಟುಕೊಳ್ಳಿ.

ಮೊದಲು, ಎಲ್ಲಿಗೆ ಕಳಿಸಬೇಕು? ದೊಡ್ಡ ಉತ್ಸವಗಳ ಲೆಕ್ಕವೇ ಬೇರೆ. ಫ್ರಾನ್ಸ್‌ನ ಕಾನ್ ಚಿತ್ರೋತ್ಸವದ ಕಿರುಚಿತ್ರ ಸ್ಪರ್ಧೆಗೆ ಚಿತ್ರ 15 ನಿಮಿಷ ಮೀರಬಾರದು, ಹೆಸರುಗಳು ಓಡುವ ಸಮಯವೂ ಅದರಲ್ಲೇ ಸೇರಿದೆ. ಆಸ್ಕರ್ ಕೊಡುವ ಅಕಾಡೆಮಿ 40 ನಿಮಿಷದವರೆಗೂ ಕಿರುಚಿತ್ರ ಅನ್ನುತ್ತದೆ. ಹಲವು ದೊಡ್ಡ ಉತ್ಸವಗಳು ‘ಪ್ರೀಮಿಯರ್’ ಕೇಳುತ್ತವೆ, ಅಂದರೆ ಆ ಚಿತ್ರ ಬೇರೆಲ್ಲೂ ತೋರಿಸಿರಬಾರದು. ಸಮುದಾಯ ಚಿತ್ರೋತ್ಸವಗಳು ಸಾಮಾನ್ಯವಾಗಿ ಇದನ್ನೆಲ್ಲ ಅಷ್ಟಾಗಿ ನೋಡುವುದಿಲ್ಲ. ಅವರಿಗೆ ಬೇಕಿರುವುದು ತಮ್ಮ ಹಾಲ್‌ಗೆ ಬರುವ ಜನರಿಗೆ ಏನಾದರೂ ಹೇಳುವ ಚಿತ್ರ. ಮಕ್ಕಳ ಜೊತೆ ಬರುವವರು ಇರುತ್ತಾರೆ, ವಯಸ್ಸಾದವರು ಇರುತ್ತಾರೆ, ಮೊದಲ ಸಲ ಕಿರುಚಿತ್ರ ನೋಡುವವರೂ ಇರುತ್ತಾರೆ. ಹಾಗಾಗಿ ಹಿಂದಿನ ವರ್ಷಗಳಲ್ಲಿ ಆ ಉತ್ಸವ ಏನೇನು ತೋರಿಸಿದೆ ಅಂತ ಅರ್ಧ ಗಂಟೆ ಕೂತು ನೋಡಿ. ನಿಮ್ಮ ಚಿತ್ರ ಆ ಸಾಲಿನಲ್ಲಿ ಕೂರುತ್ತದಾ? ಕೂರುವುದಿಲ್ಲ ಅನ್ನಿಸಿದರೆ ಕಳಿಸಬೇಡಿ. ದುಡ್ಡು ಉಳಿಯುತ್ತದೆ.

ಆದರೆ ಒಂದು ಎಚ್ಚರ. ಅದೇ ಚಿತ್ರವನ್ನು ಮುಂದೆ ದೊಡ್ಡ ಉತ್ಸವಕ್ಕೂ ಕಳಿಸುವ ಯೋಚನೆ ಇದ್ದರೆ, ಅಲ್ಲಿನ ಪ್ರೀಮಿಯರ್ ನಿಯಮ ಮೊದಲು ಓದಿ. ಸಣ್ಣ ಹಾಲ್‌ನಲ್ಲಿ ತೋರಿಸಿದ್ದೂ ಪ್ರದರ್ಶನವೇ. ಎಲ್ಲರಿಗೂ ಕಾಣುವ ಹಾಗೆ ಯೂಟ್ಯೂಬ್‌ಗೆ ಹಾಕಿದರೂ ಹಲವರು ಹಾಗೇ ಲೆಕ್ಕ ಹಾಕುತ್ತಾರೆ.

(ಪರದೆಯ ಮೇಲೆ: ಅರ್ಜಿ ಪುಟದ ಚಿತ್ರ.)

ಈಗ ಬಹುತೇಕ ಅರ್ಜಿಗಳು ಫಿಲ್ಮ್‌ಫ್ರೀವೇ ತರಹದ ತಾಣಗಳ ಮೂಲಕ ಹೋಗುತ್ತವೆ. ಒಂದು ಸಲ ಚಿತ್ರದ ವಿವರ ತುಂಬಿಟ್ಟರೆ ಎಷ್ಟು ಉತ್ಸವಗಳಿಗೆ ಬೇಕಾದರೂ ಕಳಿಸಬಹುದು. ಕೊನೆ ದಿನಾಂಕಗಳು ಹಂತ ಹಂತವಾಗಿ ಇರುತ್ತವೆ. ತಡವಾದಷ್ಟೂ ಶುಲ್ಕ ಜಾಸ್ತಿ. ಬೇಗ ಕಳಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಆಯ್ಕೆ ತಂಡದವರ ಕಣ್ಣು ಆಗ ಇನ್ನೂ ದಣಿದಿರುವುದಿಲ್ಲ. ಶುಲ್ಕ ಕಟ್ಟಲು ಕಷ್ಟ ಇದ್ದರೆ ವಿನಾಯಿತಿ ಕೇಳಿ ಎರಡು ಸಾಲಿನ ಮೇಲ್ ಹಾಕಿ. ನಾಚಿಕೆ ಬೇಡ, ತುಂಬಾ ಉತ್ಸವಗಳು ಕೊಡುತ್ತವೆ.

ಚಿತ್ರದ ಬಗ್ಗೆ ಬರೆಯುವ ಆ ಒಂದೆರಡು ಸಾಲು ಇದೆಯಲ್ಲ, ಅಲ್ಲಿ ತುಂಬಾ ಜನ ಎಡವುತ್ತಾರೆ. "ಇದು ಪ್ರೀತಿ, ನೋವು ಮತ್ತು ನೆನಪುಗಳ ಕಥೆ" ಅಂತ ಬರೆಯುತ್ತಾರೆ. ಯಾವ ಚಿತ್ರ ಹಾಗಿಲ್ಲ ಹೇಳಿ? ಈಗ ಇದನ್ನು ಕೇಳಿ.

(ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ.)

"ಕಿವಿ ಕೇಳಿಸದ ಅಜ್ಜಿ ದಿನಾ ಸಂಜೆ ರೇಡಿಯೋ ಹಾಕಿಕೊಂಡು ಕೂರುತ್ತಾಳೆ. ಬ್ಯಾಟರಿ ಮುಗಿದು ಮೂರು ದಿನ ಆಯಿತು ಅಂತ ಮೊಮ್ಮಗನಿಗೆ ಮಾತ್ರ ಗೊತ್ತು."

ಇದು ಈಗ ಉದಾಹರಣೆಗೆ ಅಂತ ನಾನೇ ಹೊಸೆದಿದ್ದು. ಆದರೂ ಮುಂದೇನು ಅಂತ ನೋಡಬೇಕು ಅನ್ನಿಸುತ್ತದೆ ಅಲ್ವಾ? ಯಾರು, ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ, ಅಷ್ಟು ಬಂದರೆ ಸಾಕು. ಪ್ರೀತಿ, ನೋವು ಎಲ್ಲ ನೋಡುವವರಿಗೆ ಸಿಗುತ್ತದೆ, ನೀವು ಮೊದಲೇ ಹೇಳಬೇಕಾಗಿಲ್ಲ.

ಉದ್ದದ ಬಗ್ಗೆ ನೇರವಾಗಿ ಹೇಳುತ್ತೇನೆ. ಒಂದು ಪ್ರದರ್ಶನಕ್ಕೆ 90 ನಿಮಿಷ ಇದೆ ಅಂದುಕೊಳ್ಳಿ. ನಿಮ್ಮ ಚಿತ್ರ 28 ನಿಮಿಷ ಇದ್ದರೆ, 7 ನಿಮಿಷದ ನಾಲ್ಕು ಚಿತ್ರಗಳ ಜಾಗ ಅದಕ್ಕೇ ಹೋಗುತ್ತದೆ. ನಾಲ್ಕು ತಂಡಗಳಿಗೆ ಇಲ್ಲ ಅಂತ ಹೇಳಿ ನಿಮ್ಮನ್ನು ಕರೆಯಬೇಕು. ಹಾಗಂತ ಸುಮ್ನೆ ಕತ್ತರಿಸಿ ಅನ್ನುತ್ತಿಲ್ಲ. ನಿಧಾನವೇ ಕೆಲವು ಚಿತ್ರಗಳ ಉಸಿರು. ಆದರೆ ಶುರುವಿನಲ್ಲಿ ಎರಡು ನಿಮಿಷ ಹೆಸರುಗಳು, ಲೋಗೋಗಳು, ಆಕಾಶದಿಂದ ಡ್ರೋನ್ ನೋಟ, ಇವು ನಿಮ್ಮ ಕಥೆಗೆ ನಿಜವಾಗಿಯೂ ಬೇಕಾ ಅಂತ ಎಡಿಟಿಂಗ್ ಟೇಬಲ್‌ನಲ್ಲಿ ಇನ್ನೊಮ್ಮೆ ನೋಡಿ.

(ನಿರೂಪಕರು ಸ್ವಲ್ಪ ಮುಂದೆ ಬಾಗುತ್ತಾರೆ.)

ಈಗ ಹಾಡಿನ ವಿಷಯ. ಇದರ ಮೇಲೆ ಜಾಸ್ತಿ ಹೊತ್ತು ಕೂರುತ್ತೇನೆ, ಯಾಕೆಂದರೆ ಚೆನ್ನಾಗಿರುವ ಚಿತ್ರಗಳು ಇದರಿಂದಲೇ ಕೈತಪ್ಪಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಒಂದು ಹಾಡಿನಲ್ಲಿ ಎರಡು ಆಸ್ತಿ ಇದೆ. ಒಂದು, ಸಾಹಿತ್ಯ ಮತ್ತು ಧಾಟಿ. ಅದು ಬರೆದವರದು, ಸ್ವರ ಹಾಕಿದವರದು, ಅಥವಾ ಅವರು ಯಾರಿಗೆ ಹಕ್ಕು ಕೊಟ್ಟಿದ್ದಾರೋ ಅವರದು. ಇನ್ನೊಂದು, ಧ್ವನಿಮುದ್ರಣ. ನೀವು ಕೇಳುವ ಆ ರೆಕಾರ್ಡಿಂಗ್. ಅದು ಸಾಮಾನ್ಯವಾಗಿ ಆಡಿಯೋ ಕಂಪನಿಯದು. ಚಿತ್ರದಲ್ಲಿ ಆ ಹಾಡು ಬಳಸಬೇಕಾದರೆ ಎರಡಕ್ಕೂ ಅನುಮತಿ ಬೇಕು. "ನನ್ನ ಗೆಳತಿ ಹಾಡಿ ಕೊಟ್ಟಿದ್ದಾಳೆ, ತೊಂದರೆ ಇಲ್ಲ" ಅಂತ ಅಂದುಕೊಳ್ಳುತ್ತಾರೆ. ಅದರಿಂದ ರೆಕಾರ್ಡಿಂಗ್ ಸಮಸ್ಯೆ ಮಾತ್ರ ಕಳೆಯಿತು. ಸಾಹಿತ್ಯ ಮತ್ತು ಧಾಟಿಯ ಅನುಮತಿ ಬೇಕೇ ಬೇಕು. ಪಾತ್ರ ಅಡುಗೆ ಮಾಡುತ್ತಾ ಗುನುಗಿದರೂ ಅಷ್ಟೇ. ಹಿಂದೆ ಟಿವಿಯಲ್ಲಿ ಹಾಡು ಓಡುತ್ತಿದ್ದರೂ ಅಷ್ಟೇ. "ಹತ್ತು ಸೆಕೆಂಡ್ ಒಳಗೆ ಇದ್ದರೆ ಏನೂ ಆಗಲ್ಲ" ಅನ್ನುವ ಮಾತು ತುಂಬಾ ಓಡಾಡುತ್ತದೆ. ಹಾಗೊಂದು ನಿಯಮ ಇಲ್ಲ.

ಉತ್ಸವಗಳಿಗೆ ಮಾತ್ರ ಅಂತ ಅನುಮತಿ ಕೇಳಿದರೆ ಸಾಮಾನ್ಯವಾಗಿ ಕಡಿಮೆ ದುಡ್ಡಿಗೆ ಸಿಗುತ್ತದೆ. ಆದರೆ ನಾಳೆ ಚಿತ್ರವನ್ನು ಆನ್‌ಲೈನ್‌ಗೆ ಹಾಕುವಾಗ ಮತ್ತೆ ಕೇಳಬೇಕು. ಇವೆಲ್ಲದಕ್ಕಿಂತ ನನಗೆ ಇಷ್ಟವಾದ ದಾರಿ, ಹೊಸದಾಗಿ ಸಂಗೀತ ಮಾಡುತ್ತಿರುವ ಒಬ್ಬರನ್ನು ಹುಡುಕಿ, ಸರಿಯಾಗಿ ಬರೆದುಕೊಂಡು, ಹೊಸ ಸಂಗೀತ ಮಾಡಿಸುವುದು. ಬರೆದುಕೊಳ್ಳುವುದು ಮುಖ್ಯ, ಗೆಳೆಯರಾದರೂ. ಉತ್ಸವದ ಫಾರ್ಮ್‌ನಲ್ಲಿ ಎಲ್ಲ ಹಕ್ಕುಗಳೂ ನನ್ನ ಬಳಿ ಇವೆ ಅಂತ ಟಿಕ್ ಮಾಡುವುದು ನೀವು. ಕೇಳಿದರೆ ಉತ್ತರ ಕೊಡಬೇಕಾದವರೂ ನೀವೇ.

ಸಬ್‌ಟೈಟಲ್ ಹಾಕಿ. ನೋಡುವವರಿಗೆ ನಿಮ್ಮ ಭಾಷೆ ಬರುತ್ತಿದ್ದರೂ ಹಾಕಿ, ಕಿವಿ ಮಂದ ಇರುವವರು ಹಾಲ್‌ನಲ್ಲಿ ಇದ್ದೇ ಇರುತ್ತಾರೆ. ಒಂದು ಸಲಕ್ಕೆ ಎರಡು ಸಾಲಿಗಿಂತ ಹೆಚ್ಚು ಬೇಡ. ಸಬ್‌ಟೈಟಲ್ ಚಿತ್ರದಲ್ಲೇ ಅಚ್ಚಾದ ಒಂದು ಫೈಲ್, ಅಕ್ಷರ ಇಲ್ಲದ ಇನ್ನೊಂದು ಫೈಲ್, ಜೊತೆಗೆ ಬೇರೆಯಾಗಿ ಎಸ್‌ಆರ್‌ಟಿ (ಸಬ್‌ಟೈಟಲ್ ಸಾಲುಗಳು, ಅವು ಬರುವ ಸಮಯ ಮಾತ್ರ ಇರುವ ಫೈಲ್), ಮೂರೂ ಇಟ್ಟುಕೊಂಡಿರಿ.

(ಪರದೆಯ ಮೇಲೆ: ಫೈಲ್ ಹೆಸರುಗಳು. "ಫೈನಲ್", "ಫೈನಲ್ ಹೊಸದು", "ಫೈನಲ್ ಇದೇ".)

ಇಂಥ ಫೈಲ್ ಕಳಿಸಬೇಡಿ. ಚಿತ್ರದ ಹೆಸರು, ನಿರ್ದೇಶಕರ ಹೆಸರು, ಎಷ್ಟು ನಿಮಿಷ, ಯಾವ ಭಾಷೆ, ಇಷ್ಟು ಇರಲಿ. ದೊಡ್ಡ ಚಿತ್ರಮಂದಿರಗಳು ಡಿಸಿಪಿ ಕೇಳುತ್ತವೆ, ಅಂದರೆ ಚಿತ್ರಮಂದಿರದ ಡಿಜಿಟಲ್ ಪ್ರೊಜೆಕ್ಟರ್‌ಗೆ ಅಂತಲೇ ಮಾಡಿದ ಫೈಲ್‌ಗಳ ಕಟ್ಟು. ಸಮುದಾಯದ ಹಾಲ್‌ಗಳಲ್ಲಿ ಹೆಚ್ಚಾಗಿ ಲ್ಯಾಪ್‌ಟಾಪ್‌ನಿಂದಲೇ ಓಡಿಸುತ್ತಾರೆ. 1920 ಬೈ 1080 ಪಿಕ್ಸೆಲ್ ಅಳತೆಯ, ಎಚ್.264 ಅನ್ನುವ ವಿಧಾನದಲ್ಲಿ ಕುಗ್ಗಿಸಿದ ಎಂಪಿ4 ಫೈಲ್ ಬಹಳ ಕಡೆ ನಡೆಯುತ್ತದೆ. ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವುದನ್ನು ಮಾತ್ರ ಕೇಳದೆ ಬದಲಾಯಿಸಬೇಡಿ. 25ರಲ್ಲಿ ತೆಗೆದ 25 ನಿಮಿಷದ ಚಿತ್ರವನ್ನು ಹಾಗೇ 24ಕ್ಕೆ ಎಳೆದರೆ ಅದು ಸುಮಾರು 26 ನಿಮಿಷ ಆಗುತ್ತದೆ, ಮಾತೂ ಎಳೆದ ಹಾಗೆ ಕೇಳುತ್ತದೆ.

ಎಕ್ಸ್‌ಪೋರ್ಟ್ ಆದಮೇಲೆ ಆ ಫೈಲನ್ನೇ ಶುರುವಿನಿಂದ ಕೊನೆವರೆಗೆ ಕೂತು ನೋಡಿ. ಮಧ್ಯೆ ಮಧ್ಯೆ ಎಳೆದು ನೋಡುವುದಲ್ಲ. ಆಮೇಲೆ ಲಿಂಕ್ ಅನ್ನು ಬೇರೆಯವರ ಫೋನ್‌ಗೆ ಕಳಿಸಿ ತೆರೆಯಲು ಹೇಳಿ. ನಿಮ್ಮ ಫೋನ್‌ನಲ್ಲಿ ನೀವು ಲಾಗಿನ್ ಆಗಿರುತ್ತೀರಿ, ಹಾಗಾಗಿ ಎಲ್ಲ ಸರಿಯಾಗೇ ಕಾಣುತ್ತದೆ. ಫಲಿತಾಂಶ ಬರುವವರೆಗೂ ಆ ಲಿಂಕ್, ಆ ಪಾಸ್‌ವರ್ಡ್ ಮುಟ್ಟಬೇಡಿ. ಫೈಲ್ ಬದಲಾಯಿಸಲೇಬೇಕಾದರೆ ಲಿಂಕ್ ಹಾಗೇ ಉಳಿಸಿಕೊಂಡು ಒಳಗಿನ ಚಿತ್ರ ಮಾತ್ರ ಬದಲಿಸುವ ಸೌಲಭ್ಯ ವಿಮಿಯೋ ಅನ್ನುವ ವಿಡಿಯೋ ತಾಣದಲ್ಲಿ ಇದೆ. ಹಾಗೆ ಮಾಡುವ ಮುಂಚೆ ಉತ್ಸವದವರ ಒಪ್ಪಿಗೆ ಕೇಳಿ.

ಆಯ್ಕೆ ಆಗಲಿಲ್ಲ ಅಂದರೆ ಜಗಳದ ಮೇಲ್ ಬೇಡ. ಒಳ್ಳೆಯ ಚಿತ್ರಗಳು ಉಳಿದ ಚಿತ್ರಗಳ ಜೊತೆ ಹೊಂದಲಿಲ್ಲ ಅಂತ ಹೊರಗೆ ಉಳಿಯುವುದನ್ನು ನೋಡಿದ್ದೇನೆ. ಒಂದೇ ಥರದ ಕಥೆ ಎರಡು ಬಂದಾಗ ಒಂದನ್ನು ಬಿಡಲೇಬೇಕಾಗುತ್ತದೆ.

ಆಯ್ಕೆ ಆಯಿತು ಅಂದುಕೊಳ್ಳಿ. ಒಪ್ಪಂದ ಪತ್ರ ಬರುತ್ತದೆ, ಪೂರ್ತಿ ಓದಿ. ಎಷ್ಟು ಸಲ ತೋರಿಸುತ್ತಾರೆ, ಆನ್‌ಲೈನ್‌ನಲ್ಲೂ ಹಾಕುತ್ತಾರಾ, ಎಷ್ಟು ದಿನ. ಚಿತ್ರದ ಹಕ್ಕನ್ನೇ ಬರೆದುಕೊಡಿ ಅಂತ ಯಾರಾದರೂ ಕೇಳಿದರೆ ಸಹಿ ಹಾಕಬೇಡಿ, ತೋರಿಸುವುದಕ್ಕೆ ಅದು ಬೇಕಾಗಿಲ್ಲ.

(ಖಾಲಿ ಹಾಲ್. ಸಾಲು ಕುರ್ಚಿಗಳು. ಪರದೆ ಮೇಲೆ ಪರೀಕ್ಷೆಗೆ ಹಾಕಿದ ಚಿತ್ರ.)

ಆ ದಿನ ಒಂದು ಗಂಟೆ ಮುಂಚೆ ಹೋಗಿ. ನಿಮ್ಮ ಚಿತ್ರದ ಒಂದೆರಡು ನಿಮಿಷ ಹಾಕಿ ತೋರಿಸಿ ಅಂತ ಕೇಳಿ, ಮಾತು ಮತ್ತು ಸಂಗೀತ ಎರಡೂ ಇರುವ ಭಾಗ. ನೀವು ಕೊನೆ ಸಾಲಿನಲ್ಲಿ ಕೂತು ಕೇಳಿ. ಹೆಡ್‌ಫೋನ್‌ನಲ್ಲಿ ಸ್ಪಷ್ಟವಾಗಿದ್ದ ಮಾತು ಅಲ್ಲಿ ಸಂಗೀತದ ಕೆಳಗೆ ಮುಳುಗಿರಬಹುದು. ಜನ ಬಂದ ಮೇಲೆ ಸದ್ದು ಇನ್ನೂ ಸ್ವಲ್ಪ ತಗ್ಗಿದಂತೆ ಕೇಳುತ್ತದೆ, ಅದನ್ನೂ ಲೆಕ್ಕ ಹಾಕಿ ಸದ್ದು ಎಷ್ಟಿರಬೇಕು ಅಂತ ಹೇಳಿ. ಪ್ರೊಜೆಕ್ಟರ್ ಹತ್ತಿರ ನಿಂತಿರುವವರ ಹೆಸರು ಕೇಳಿಟ್ಟುಕೊಳ್ಳಿ. ಚಿತ್ರ ಮುಗಿದು ನಿಮ್ಮ ಕೈಗೆ ಮೈಕ್ ಬಂದಾಗ, ಮೊದಲು ಅವರಿಗೆ ಥ್ಯಾಂಕ್ಸ್ ಹೇಳಿ.