ಗೋಧಿ ಇಲ್ಲದ ಊರಿನಲ್ಲಿ ಗೋಧಿ ಪಾಠ

ನಮಸ್ಕಾರ. ಇವತ್ತು ಸ್ವಲ್ಪ ಸಿಟ್ಟಿನಲ್ಲೇ ಮಾತಾಡುತ್ತೇನೆ, ಬೇಜಾರಾಗಬೇಡಿ.

ನಮ್ಮ ಹೈಸ್ಕೂಲುಗಳಿಗೆ ಬೇಸಾಯ ನೆನಪಾಗುವುದು ಎರಡೇ ಸಲ. ಎಂಟು, ಒಂಬತ್ತನೇ ಕ್ಲಾಸಿನ ವಿಜ್ಞಾನದಲ್ಲಿ ‘ಬೆಳೆ ಉತ್ಪಾದನೆ ಮತ್ತು ನಿರ್ವಹಣೆ’ಯಂಥ ಪಾಠ ಬಂದಾಗ ಒಂದು ಸಲ. ಹೋಂವರ್ಕ್ ಮಾಡದ ಹುಡುಗನನ್ನು ಬೈಯುವಾಗ ಇನ್ನೊಂದು ಸಲ. "ಓದ್ಬೇಡ, ಹೋಗಿ ಹೊಲ ಉಳು." ರೈತ ದೇಶದ ಬೆನ್ನೆಲುಬು ಅಂತ ಬೋರ್ಡಿನ ಮೇಲೆ ಬರೆಸುವವರೂ ಅವರೇ.

ನಾನು ಬಿ.ಎಡ್ ಇಂಟರ್ನ್‌ಶಿಪ್ ಮಾಡಿದ್ದು ಕೋಲಾರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ. ಎಂಟಕ್ಕೆ ಈ ಬೆಳೆ ಪಾಠ, ಒಂಬತ್ತಕ್ಕೆ ‘ಆಹಾರ ಸಂಪನ್ಮೂಲಗಳ ಸುಧಾರಣೆ’. ಪಾಠ ಯೋಜನೆಯನ್ನು 5ಇ ಅನ್ನುವ ಐದು ಹಂತದ ಮಾದರಿಯಲ್ಲಿ ಬರೆಯಬೇಕು. ಥರ್ಮಾಕೋಲ್, ಸ್ಕೆಚ್ ಪೆನ್, ಚಾರ್ಟ್ ಎಲ್ಲ ತಂದಿದ್ದಾಯಿತು. ಹಿಂಗಾರು ಬೆಳೆ ಅಂದರೆ ಗೋಧಿ, ಸರಿ, ಗೋಧಿ ತೆನೆಯ ಚಿತ್ರ ಬಿಡಿಸಿದೆ. ಕೋಲಾರದಲ್ಲಿ ಗೋಧಿ ಹೊಲ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಕೆಳಗೆ ಬರೆಯಿರಿ. ನೀರಾವರಿ ಅಂದರೆ ಮೊದಲು ರಾಟೆ, ಏತ. ಕ್ಲಾಸಿನಲ್ಲಿ ಕೂತ ಮಕ್ಕಳ ಮನೆಯಲ್ಲಿ ಸಾವಿರ ಅಡಿ ದಾಟಿದ ಬೋರ್‌ವೆಲ್, ಮಣ್ಣಿಗೆ ಹೊದಿಸುವ ಮಲ್ಚಿಂಗ್ ಶೀಟ್, ಹನಿ ನೀರಾವರಿಯ ಡ್ರಿಪ್. ಡ್ರಿಪ್ ಬಗ್ಗೆ ಪುಸ್ತಕದಲ್ಲೂ ಒಂದು ಪ್ಯಾರಾ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಡ್ರಿಪ್ ನೀರಿಗೆ ಗೊಬ್ಬರ ಸೇರಿಸುವ ವೆಂಚುರಿ ಕಟ್ಟಿ, ನೀರಲ್ಲಿ ಕರಗುವ 19:19:19 ಗೊಬ್ಬರ ಬಿಟ್ಟು ಸ್ಕೂಲಿಗೆ ಬರುವ ಹುಡುಗಿಗೆ ಆ ಪ್ಯಾರಾ ಯಾವ ಮೂಲೆಗೆ?

ಇಷ್ಟು ಹೇಳಿದರೆ ಸಾಕು, ಕೆಲವರು ಶುರು ಮಾಡುತ್ತಾರೆ. "ಹಳ್ಳಿ ಮಕ್ಕಳಿಗೆ ಎಲ್ಲಾ ಗೊತ್ತು, ಮೇಷ್ಟ್ರೇ ಅವರ ಹತ್ರ ಕಲೀಬೇಕು." ಕೇಳೋದಕ್ಕೆ ಚೆನ್ನಾಗಿದೆ. ನಾನು ಒಪ್ಪುವುದಿಲ್ಲ. ಆ ಮಕ್ಕಳಿಗೆ ಏನು ಮಾಡಬೇಕು ಅನ್ನುವುದು ಗೊತ್ತು. ಯಾಕೆ ಅನ್ನುವುದು ಗೊತ್ತಿಲ್ಲ. ಆ ‘ಯಾಕೆ’ ಗೊತ್ತಿಲ್ಲದೆ ಅವರ ಮನೆಯವರು ಪ್ರತಿ ಬೆಳೆಯಲ್ಲೂ ದುಡ್ಡು ಕಳೆಯುತ್ತಿದ್ದಾರೆ.

ಬಿಂಗಿ ರೋಗವನ್ನೇ ತೆಗೆದುಕೊಳ್ಳಿ. ಟೊಮೆಟೊ ಬೆಳೆಯುವವರಿಗೆ ಬಿಡಿಸಿ ಹೇಳಬೇಕಿಲ್ಲ. ಎಲೆ ಮುದುರುತ್ತದೆ, ಗಿಡ ಗಿಡ್ಡಾಗುತ್ತದೆ, ಕಾಯಿ ಕಚ್ಚುವುದಿಲ್ಲ. "ಆಗ ನಿಮ್ಮ ಮನೇಲಿ ಏನು ಮಾಡ್ತಾರೆ?" ಅಂತ ಕೇಳಿದೆ. ಔಷಧಿ ಹೊಡೀತಾರೆ. ಯಾವ ಔಷಧಿ? ಅಂಗಡಿಯವರು ಕೊಟ್ಟಿದ್ದು. ಎರಡು ಮೂರು ಬೆರೆಸಿ ಒಂದೇ ಟ್ಯಾಂಕಿಗೆ. ಹೆಸರು ಹೇಳಿಸಿದರೆ ಅದರಲ್ಲಿ ಶಿಲೀಂಧ್ರದಿಂದ ಬರುವ ಅಂಗಮಾರಿ ರೋಗಕ್ಕೆ ಹೊಡೆಯುವ ಶಿಲೀಂಧ್ರನಾಶಕವೂ ಇತ್ತು. ಬಿಂಗಿ ಬರುವುದು ವೈರಸ್‌ನಿಂದ. ಬಿಳಿ ನೊಣ ರೋಗದ ಗಿಡದ ರಸ ಹೀರುತ್ತದೆ, ಆಮೇಲೆ ಪಕ್ಕದ ಒಳ್ಳೆ ಗಿಡಕ್ಕೆ ಬಾಯಿ ಹಾಕುತ್ತದೆ. ಒಂದು ಸಲ ವೈರಸ್ ಹೊಕ್ಕ ಗಿಡವನ್ನು ಯಾವ ಬಾಟಲಿಯೂ ವಾಸಿ ಮಾಡುವುದಿಲ್ಲ. ಸಸಿಗೆ ಪರದೆ ಕಟ್ಟಬೇಕು, ನೊಣವನ್ನು ಮೊದಲೇ ತಡೆಯಬೇಕು, ಹಳದಿ ಅಂಟು ಹಾಳೆ ನೇತು ಹಾಕಬೇಕು, ರೋಗ ಕಂಡ ಗಿಡವನ್ನು ಶುರುವಿನಲ್ಲೇ ಕಿತ್ತು ಆಚೆ ಹಾಕಬೇಕು. ಶಿಲೀಂಧ್ರನಾಶಕಕ್ಕೆ ಅಲ್ಲಿ ಕೆಲಸವೇ ಇಲ್ಲ.

ಹಿಂದಿನ ಬೆಂಚಿನ ಹುಡುಗ ಎದ್ದ. "ಹಂಗಾದ್ರೆ ಅಂಗಡಿಯೋರು ಯಾಕೆ ಕೊಟ್ರು?"

ಇದಕ್ಕಿಂತ ಒಳ್ಳೆ ಪ್ರಶ್ನೆ ಯಾವ ಪಾಠ ಯೋಜನೆಯಲ್ಲಿದೆ ಹೇಳಿ!

ಆ ಪ್ರಶ್ನೆಗೆ ದಾರಿ ಪುಸ್ತಕದಲ್ಲೇ ಇದೆ. ಮುಂದಿನ ಪಾಠವೇ ಸೂಕ್ಷ್ಮಜೀವಿಗಳದ್ದು. ಅಲ್ಲೊಂದು ಪಟ್ಟಿಯಲ್ಲಿ ಬೆಂಡೆಯ ಹಳದಿ ನರ ರೋಗ ವೈರಸ್‌ನಿಂದ, ಕೀಟದ ಮೂಲಕ ಹರಡುತ್ತದೆ ಅಂತಿದೆ. ಆ ಕೀಟವೂ ಬಿಳಿ ನೊಣವೇ. ಬೆಂಡೆಯಿಂದ ಟೊಮೆಟೊಗೆ ಒಂದು ಹೆಜ್ಜೆ. ಆ ಹೆಜ್ಜೆ ಇಡಬೇಕಾದವರು ಟೀಚರ್. ಆದ್ದರಿಂದ ಸಿಲೆಬಸ್ ಸರಿಯಿಲ್ಲ ಅಂತ, ಈ ಪುಸ್ತಕ ಮಾಡಿದ ಎನ್‌ಸಿಇಆರ್‌ಟಿ ಇರುವ ದೆಹಲಿ ಕಡೆ ಬೆರಳು ತೋರಿಸಿ ಕೂರುವುದಕ್ಕೆ ನಾನು ತಯಾರಿಲ್ಲ.

ಔಷಧಿ ಮಾತು ಬಂತಲ್ಲ, ಇನ್ನೊಂದು. ಕಳೆನಾಶಕ ಹೊಡೆಯುವಾಗ ಮೂಗು ಬಾಯಿ ಮುಚ್ಚಿಕೊಳ್ಳಿ ಅಂತ ಪುಸ್ತಕ ಹೇಳುತ್ತದೆ. ಅಷ್ಟು ಸಾಲದು. ಡಬ್ಬಿಯ ಮೇಲಿನ ಬಣ್ಣದ ತ್ರಿಕೋನದ ಫೋಟೋ ತೋರಿಸಿದೆ. ಕೆಂಪು ಅಂದರೆ ತೀರಾ ಅಪಾಯ, ಆಮೇಲೆ ಹಳದಿ, ನೀಲಿ, ಹಸಿರು. ಆ ತ್ರಿಕೋನವನ್ನು ದಿನಾ ನೋಡುವ ಮಕ್ಕಳು, ಅದು ಕಂಪನಿ ಗುರುತು ಅಂದುಕೊಂಡಿದ್ದರು.

ಕಳೆಯ ಪಾಠದಲ್ಲಿ ನನಗೇ ಪಾಠವಾಯಿತು. ಬೆಳೆಯ ಜೊತೆ ಬೇಡದೆ ಬೆಳೆಯುವ ಗಿಡ ಕಳೆ. ಉದಾಹರಣೆ ಕೊಡಿ ಅಂದೆ. ಪಾರ್ಥೇನಿಯಂ ಅಂದರು, ಗರಿಕೆ ಅಂದರು. ಅಣ್ಣೆ ಸೊಪ್ಪು ಅಂತ ಒಬ್ಬ ಹೇಳಿದ್ದೇ ತಡ, ಹುಡುಗಿಯರೆಲ್ಲ ಅವನ ಮೇಲೆ ಬಿದ್ದರು. ಅದು ಕಳೆ ಹೆಂಗಾಗುತ್ತೆ? ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಅಣ್ಣೆ, ಗೋಣಿ, ಚಿಲಕ ಅಂತ ಕಿತ್ತು ತಂದು ಬೆರಕೆ ಸೊಪ್ಪಿನ ಮಸ್ಸೊಪ್ಪು ಮಾಡುವುದು ಕೋಲಾರದ ಮನೆಮನೆಯ ಅಡುಗೆ. ಬಿತ್ತಿದವರು ಯಾರೂ ಇಲ್ಲ, ತಿನ್ನುವವರು ಎಲ್ಲ. ಈಗ ಕಳೆನಾಶಕ ಹೊಡೆದ ಹೊಲದಲ್ಲಿ ಆ ಸೊಪ್ಪು ಸಿಗುವುದಿಲ್ಲ, ಸಿಕ್ಕರೂ ಕೀಳೋಕೆ ಭಯ. ಹಾಗಾದರೆ ಕಳೆ ಯಾವುದು ಅಂತ ತೀರ್ಮಾನ ಮಾಡುವವರು ಯಾರು? ಬೆಲ್ ಹೊಡೆದರೂ ಜಗಳ ಮುಗಿಯಲಿಲ್ಲ. ವೀಕ್ಷಣೆಗೆ ಬಂದವರು ‘ತರಗತಿ ನಿಯಂತ್ರಣ ಸಾಲದು’ ಅಂತ ಷರಾ ಬರೆದರು. ಇರಲಿ.

ಒಂಬತ್ತರಲ್ಲಿ ಮಿಶ್ರ ಬೆಳೆಗೆ ಮತ್ತೆ ಗೋಧಿ ಮತ್ತು ಕಡಲೆ. ಅದನ್ನು ಪಕ್ಕಕ್ಕಿಟ್ಟು ಅಕ್ಕಡಿ ಸಾಲಿನಿಂದ ಶುರು ಮಾಡಿದೆ. ರಾಗಿ ನಡುವೆ ಅವರೆ, ತೊಗರಿ, ಹುಚ್ಚೆಳ್ಳು. ರಾಗಿ ಬೇರು ಮೇಲುಮೇಲೆ, ತೊಗರಿ ಬೇರು ಆಳಕ್ಕೆ. ಅವರೆ ಬೇರಿನ ಗಂಟಿನಲ್ಲಿ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ. ಹುಚ್ಚೆಳ್ಳಿನ ಹೂವಿಗೆ ಜೇನು. ಗಿಡ ಕಿತ್ತು ಬೇರು ತೋರಿಸಿದರೆ ಅರ್ಧ ಗಂಟೆಯಲ್ಲಿ ಮುಗಿಯುವ ವಿಷಯ.

ಪಾಠದಲ್ಲಿ ಕಾಣದ ಒಂದು ವಿಷಯ ರೇಟು. ಕೋಲಾರ ಎಪಿಎಂಸಿ ಮಾರುಕಟ್ಟೆಯಲ್ಲಿ ಟೊಮೆಟೊದ 15 ಕೆಜಿ ಬಾಕ್ಸು 2023ರ ಜುಲೈನಲ್ಲಿ 2,000 ರೂಪಾಯಿ ದಾಟಿತ್ತು. ರೇಟು ಬಿದ್ದಾಗ ಅದೇ ಹಣ್ಣನ್ನು ರಸ್ತೆಗೆ ಸುರಿದಿದ್ದನ್ನೂ ಮಕ್ಕಳು ನೋಡಿದ್ದಾರೆ. ಒಂದು ಎಕರೆಗೆ ಸಸಿ, ಕಡ್ಡಿ, ದಾರ, ಔಷಧಿ, ಬಿಡಿಸುವ ಕೂಲಿ, ಗಾಡಿ ಬಾಡಿಗೆ, ಮಂಡಿ ಕಮಿಷನ್ ಎಷ್ಟು, ಮನೆಯಲ್ಲಿ ಕೇಳಿ ಬರೆದುಕೊಂಡು ಬನ್ನಿ ಅಂದೆ. ಪಟ್ಟಿ ಬಂತು. ಎಲ್ಲದರಲ್ಲೂ ಒಂದು ಖರ್ಚು ಬಿಟ್ಟುಹೋಗಿತ್ತು, ಅಮ್ಮನ ಕೂಲಿ. ಕೇಳಿದರೆ "ಅಮ್ಮಂಗ್ಯಾಕೆ ಕೂಲಿ?" ಅಂದರು. ಸುಗ್ಗಿಯಲ್ಲಿ ಸ್ಕೂಲು ತಪ್ಪಿಸಿ ಟೊಮೆಟೊ ಬಿಡಿಸುವ ಇವರ ಕೂಲಿಯೂ ಅದರಲ್ಲಿ ಇರಲಿಲ್ಲ.

ಇನ್ನು ವ್ಯವಸ್ಥೆ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಬೆಳೆಗೆ ಅಂತ ಬೇರೆ ಪಾಠವೇ ಇಲ್ಲ. ಆದ್ದರಿಂದ ಎಂಟು, ಒಂಬತ್ತರಲ್ಲಿ ಇದನ್ನು ಇಂಟರ್ನ್‌ಶಿಪ್ ಮಕ್ಕಳಿಗೆ ತಳ್ಳಿಬಿಡುತ್ತಾರೆ. ಪಿಯುಸಿ ಆದ ಮೇಲೆ ಬಿ.ಎಸ್ಸಿ ಕೃಷಿಗೆ ಸೇರಬೇಕು ಅಂದರೆ ಸಿಇಟಿಯಲ್ಲಿ ಕೃಷಿಕರ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಈ ಕೋಟಾ ಇದೆ ಅನ್ನುವುದನ್ನು ನಾನಿದ್ದ ಶಾಲೆಯ ಮಕ್ಕಳಿಗೆ ಯಾರೂ ಹೇಳಿರಲಿಲ್ಲ. ತೋಟಗಾರಿಕೆ ಕಾಲೇಜು ಕೋಲಾರದ ಟಮಕದಲ್ಲೇ ಇದೆ, ರೇಷ್ಮೆ ಕೃಷಿ ಕಾಲೇಜು ಚಿಂತಾಮಣಿಯಲ್ಲಿದೆ.

ಈ ವರ್ಷ ಇಂಟರ್ನ್‌ಶಿಪ್‌ಗೆ ಹೋಗುವವರು ಯಾರಾದರೂ ಕೇಳುತ್ತಿದ್ದರೆ, ಚಾರ್ಟ್ ಶೀಟ್ ಕೊಳ್ಳುವ ಮುಂಚೆ ಆ ಊರಿನಲ್ಲಿ ಬೆಳೆಗೆ ಹೊಡೆಯುವ ಔಷಧಿ ಮಾರುವ ಅಂಗಡಿ ಮುಂದೆ ಒಂದು ಬೆಳಗ್ಗೆ ನಿಂತು ನೋಡಿ. ಜನ ಯಾವ ರೋಗಕ್ಕೆ ಏನು ಕೊಳ್ಳುತ್ತಿದ್ದಾರೆ ಅಂತ ಬರೆದುಕೊಳ್ಳಿ. ನಾಲ್ಕು ಪಾಠಕ್ಕೆ ಆಗುವಷ್ಟು ಸಿಗುತ್ತದೆ. ಅಂಗಡಿಯವರು ಯಾಕೆ ನಿಂತಿದ್ದೀರಿ ಅಂತ ಕೇಳಿದರೆ, ಟೀಚರ್ ಅಂತ ಧೈರ್ಯವಾಗಿ ಹೇಳಿ.