ನಾಲ್ಕು ಲಕ್ಷ ಜನರ ದೇಶದಲ್ಲಿ ಒಂದು ವರ್ಷ: ಐಸ್‌ಲ್ಯಾಂಡ್ 2024

2024ರ ಜನವರಿ 1, ಮಧ್ಯಾಹ್ನ ಒಂದು ಗಂಟೆ. ಐಸ್‌ಲ್ಯಾಂಡ್‌ನ ಅಧ್ಯಕ್ಷರು ಟೀವಿಯಲ್ಲಿ ಹೊಸ ವರ್ಷದ ಮಾತಾಡೋ ಹೊತ್ತು. ಗುದ್ನಿ ಯೋಹಾನ್ನೆಸ್ಸೊನ್ ಶುಭಾಶಯ ಹೇಳ್ತಾ ಹೇಳ್ತಾನೇ, ಎರಡು ಅವಧಿ ಆಯ್ತು, ಇನ್ನು ನಾನು ಚುನಾವಣೆಗೆ ನಿಲ್ಲೋದಿಲ್ಲ ಅಂದ್ಬಿಟ್ರು. ಮೂಲತಃ ಅವರು ಇತಿಹಾಸದ ಮೇಷ್ಟ್ರು. ಜನಕ್ಕೆ ಅವರ ಮೇಲೆ ಬೇಸರ ಇರಲಿಲ್ಲ, ಎದುರಾಳಿಗಳ ಒತ್ತಡವೂ ಇರಲಿಲ್ಲ. ಸುಮ್ನೆ ಎದ್ದು ಜಾಗ ಬಿಟ್ಟುಕೊಟ್ರು. ಆಮೇಲಿನ ಹನ್ನೆರಡು ತಿಂಗಳಲ್ಲಿ ಈ ದೇಶದ ದೊಡ್ಡ ಕುರ್ಚಿಗಳಲ್ಲಿ ಕೂತವರೆಲ್ಲ ಬದಲಾದ್ರು. ಅದನ್ನ ಹತ್ತಿರದಿಂದ ನೋಡಿದವಳು ನಾನು, ಅದಕ್ಕೇ ಈ ವಿಡಿಯೋ.

ಮೊದಲು ಒಂದು ಅಳತೆ ಕೊಡ್ತೀನಿ. ಐಸ್‌ಲ್ಯಾಂಡ್‌ನ ಇಡೀ ಜನಸಂಖ್ಯೆ ನಾಲ್ಕು ಲಕ್ಷಕ್ಕೂ ಕಡಿಮೆ. ನಮ್ಮ ದಾವಣಗೆರೆ ಊರಲ್ಲೇ ಅದಕ್ಕಿಂತ ಹೆಚ್ಚು ಜನ ಇದ್ದಾರೆ. ಅಷ್ಟೇ ಜನ ಸೇರಿ ಒಂದು ಸಂಸತ್ತು, ಒಂದು ಸರ್ವೋಚ್ಚ ನ್ಯಾಯಾಲಯ, ಒಂದು ರಾಷ್ಟ್ರೀಯ ಪ್ರಸಾರ ಸಂಸ್ಥೆ, ಒಂದು ಸಿಂಫನಿ ಆರ್ಕೆಸ್ಟ್ರಾ, ತಮ್ಮದೇ ಭಾಷೆಯಲ್ಲಿ ಪುಸ್ತಕೋದ್ಯಮ, ಎಲ್ಲವನ್ನೂ ನಡೆಸಬೇಕು. ಸೈನ್ಯ ಇಲ್ಲ. ಕೈಗಳು ಕಡಿಮೆ, ಕೆಲಸ ಜಾಸ್ತಿ. ಹಾಗಾಗಿ ಇಲ್ಲಿ ಬರೀ ನೋಡ್ತಾ ನಿಲ್ಲೋರು ಸಿಗೋದು ಕಷ್ಟ.

ಜನವರಿ 14, ಭಾನುವಾರ ಬೆಳಗ್ಗೆ. ಈಗ ನೀವು ನೋಡ್ತಿರೋ ಕಿಟಕಿ ಪಕ್ಕದ ಮನೆಯವರದ್ದು. ಆಕೆ ನರ್ಸ್. ಮೆಟ್ಟಿಲ ಹತ್ತಿರ ಒಂದು ಕೆಂಪು ಜಾಕೆಟ್ ಯಾವಾಗಲೂ ತೂಗಾಡ್ತಿರುತ್ತೆ, ಕೆಳಗೆ ಕೆಸರು ಒಣಗಿದ ಬೂಟು. ಅದು ರಕ್ಷಣಾ ತಂಡದ ಸಮವಸ್ತ್ರ. ಆವತ್ತು ಬೆಳಗ್ಗೆ ಆ ಮೊಳೆ ಖಾಲಿ ಇತ್ತು.

ಗ್ರಿಂದಾವಿಕ್ ಅನ್ನೋ ಮೀನುಗಾರರ ಊರಿನ ಅಂಚಲ್ಲಿ ಭೂಮಿ ಬಿರಿದು ಲಾವಾ ಉಕ್ಕಿತ್ತು. ಹಿಂದಿನ ನವೆಂಬರ್ 10ರ ರಾತ್ರಿ, ಭೂಕಂಪಗಳ ಮಧ್ಯೆ, ಸುಮಾರು 3,800 ಜನರನ್ನ ಅಲ್ಲಿಂದ ಒಮ್ಮೆ ತೆರವು ಮಾಡಿದ್ರು. ಲಾವಾ ತಡೆಯೋಕೆ ಮಣ್ಣಿನ ದೊಡ್ಡ ಒಡ್ಡು ಕಟ್ತಾ ಇದ್ರು. ಆದ್ರೆ ಆವತ್ತು ಮಧ್ಯಾಹ್ನದ ಹೊತ್ತಿಗೆ ಒಡ್ಡಿನ ಒಳಗಡೆ, ಮನೆಗಳ ಹತ್ತಿರಾನೇ, ಇನ್ನೊಂದು ಬಿರುಕು ಬಾಯಿ ತೆರೀತು. ಮೂರು ಮನೆ ಸುಟ್ಟುಹೋದವು. ಇಡೀ ದೇಶ ಅದನ್ನ ನೇರ ಪ್ರಸಾರದಲ್ಲಿ ನೋಡ್ತು. ತಮ್ಮ ಮನೆ ಉರಿಯೋದನ್ನ ಟೀವಿಯಲ್ಲಿ ನೋಡ್ತಾ ಕೂತ ಆ ಮನೆಯವರನ್ನ ನೆನೆಸಿಕೊಂಡ್ರೆ ಇವತ್ತಿಗೂ ನನ್ನ ಗಂಟಲು ಕಟ್ಟುತ್ತೆ.

ಅಲ್ಲಿ ಓಡಾಡಿದ ರಕ್ಷಣಾ ತಂಡದವರು ಸಂಬಳದ ಕೆಲಸಗಾರರಲ್ಲ. ಬಡಗಿ, ಟೀಚರು, ಬ್ಯಾಂಕಿನವರು, ನಮ್ಮ ಪಕ್ಕದ ಮನೆಯವರು. ಫೋನ್ ಬಡಿದ ತಕ್ಷಣ ಕೈಯಲ್ಲಿರೋದನ್ನ ಬಿಟ್ಟು ಹೊರಡ್ತಾರೆ. ಫೆಬ್ರವರಿ 8ಕ್ಕೆ ಮತ್ತೆ ಜ್ವಾಲಾಮುಖಿ, ಈ ಸಲ ಲಾವಾ ಬಿಸಿನೀರಿನ ದೊಡ್ಡ ಪೈಪಿನ ಮೇಲೇ ಹರೀತು. ಇಲ್ಲಿ ಮನೆ ಬೆಚ್ಚಗಿರೋದೇ ನೆಲದಿಂದ ಬರೋ ಬಿಸಿನೀರಿಂದ. ರೇಕ್ಯಾನೆಸ್ ಪ್ರದೇಶದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಚಳಿಗಾಲದ ನಟ್ಟನಡುವೆ ತಣ್ಣಗಿನ ಮನೆಯಲ್ಲಿ ಉಳಿದ್ರು. ವಿದ್ಯುತ್ ಜಾಲ ಕುಸೀಬಾರದು, ಹೀಟರ್ ಮಿತವಾಗಿ ಹಾಕಿ ಅಂತ ಮನವಿ ಬಂತು, ಜನ ಪಾಲಿಸಿದ್ರು. ಅದೇ ತಿಂಗಳು, ಗ್ರಿಂದಾವಿಕ್‌ನ ಮನೆಗಳನ್ನ ಸರ್ಕಾರ ಕೊಂಡುಕೊಳ್ಳೋಕೆ ಸಂಸತ್ತು ಕಾನೂನು ಮಾಡ್ತು. ಆ ವರ್ಷ ಅಲ್ಲಿ ಒಟ್ಟು ಆರು ಸಲ ಲಾವಾ ಉಕ್ಕಿತು.

ಇಷ್ಟರ ನಡುವೆಯೂ ಹಬ್ಬಗಳು ನಿಲ್ಲಲಿಲ್ಲ. ಪೈಪಿನ ಸುದ್ದಿ ಇನ್ನೂ ಬಿಸಿ ಇರುವಾಗಲೇ, ಫೆಬ್ರವರಿ 14ಕ್ಕೆ, ಬೂದಿ ಬುಧವಾರದ ಹಬ್ಬಕ್ಕೆ, ಮಕ್ಕಳು ವೇಷ ಹಾಕ್ಕೊಂಡು ಅಂಗಡಿ ಅಂಗಡಿಗೆ ಹೋಗಿ ಹಾಡು ಹೇಳಿ ಮಿಠಾಯಿ ಇಸ್ಕೊಂಡ್ರು. ಏಪ್ರಿಲ್ 25ಕ್ಕೆ ‘ಬೇಸಿಗೆಯ ಮೊದಲ ದಿನ’ ಅಂತ ಸರ್ಕಾರಿ ರಜೆ. ಹಿಂದಿನ ರಾತ್ರಿ ನೀರು ಹೆಪ್ಪುಗಟ್ಟಿದ್ರೆ ಆ ಬೇಸಿಗೆ ಒಳ್ಳೇದು ಅನ್ನೋದು ಹಳೇ ನಂಬಿಕೆ. ದಪ್ಪ ಕೋಟು ಹಾಕ್ಕೊಂಡೇ ಮೆರವಣಿಗೆ ಹೋಗ್ತಾರೆ.

ಆಮೇಲೆ ಅಧ್ಯಕ್ಷರ ಚುನಾವಣೆ. ಅಭ್ಯರ್ಥಿ ಆಗೋಕೆ 1,500 ಜನರ ಸಹಿ ಸಾಕು. ಸಹಿ ಸಂಗ್ರಹ ಆನ್‌ಲೈನಲ್ಲಿ ನಡೀತು, ಬೇರೆಯವರಿಗೆ ಬೆಂಬಲ ಕೊಡೋಕೆ ಹೋದ ಕೆಲವರು ಗೊತ್ತಿಲ್ಲದೇ ತಾವೇ ಅಭ್ಯರ್ಥಿಗಳಾಗಿ ದಾಖಲಾಗಿಬಿಟ್ಟಿದ್ರು. ಕೊನೆಗೆ ಕಣದಲ್ಲಿ ಉಳಿದವರು ಹನ್ನೆರಡು ಜನ. ಪ್ರಧಾನಿ ಕತ್ರಿನ್ ಯಾಕೊಬ್ಸ್‌ದೋತ್ತಿರ್ ರಾಜೀನಾಮೆ ಕೊಟ್ಟು ಬಂದಿದ್ರು. ಅವರೇ ಗೆಲ್ತಾರೆ ಅಂತ ಬಹಳ ಜನ ಅಂದ್ಕೊಂಡಿದ್ರು.

ಚುನಾವಣೆಯ ಚರ್ಚೆ ಎಲ್ಲಿ ನಡೀತು ಗೊತ್ತಾ? ಈಜುಕೊಳದಲ್ಲಿ. ಪ್ರತಿ ಬಡಾವಣೆಗೂ ಒಂದು ಸಾರ್ವಜನಿಕ ಈಜುಕೊಳ, ಪಕ್ಕದಲ್ಲಿ ಬಿಸಿನೀರಿನ ತೊಟ್ಟಿ. ಮಳೆ ಸುರೀತಿದ್ರೂ ಕುತ್ತಿಗೆವರೆಗೂ ಬಿಸಿನೀರಲ್ಲಿ ಕೂತು ಮಾತಾಡ್ತಾರೆ. ನಾನಿದ್ದ ತೊಟ್ಟಿಯಲ್ಲಿ ಆವತ್ತು ಒಬ್ಬರು ನಿವೃತ್ತ ನಾವಿಕರು, ಒಬ್ಬ ಕಾಲೇಜು ಹುಡುಗಿ, ಮಗು ಎತ್ತಿಕೊಂಡ ಒಬ್ಬ ಅಪ್ಪ. ಪ್ರಧಾನಿ ಆಗಿದ್ದವರು ಹಾಗೇ ನೇರ ಅಧ್ಯಕ್ಷರಾಗೋದು ಸರೀನಾ ಅಂತ ಹುಡುಗಿ ಕೇಳಿದಳು. ಅಧ್ಯಕ್ಷರು ಒಂದು ಕಾನೂನಿಗೆ ಸಹಿ ಹಾಕದೇ ಇದ್ರೆ ಅದು ಜನರ ಮತಕ್ಕೆ ಹೋಗುತ್ತೆ, ತಾವೇ ತಂದ ಕಾನೂನನ್ನ ಅವರು ತಡೀತಾರಾ ಅನ್ನೋದು ಅವಳ ಪ್ರಶ್ನೆ. ನಾವಿಕಜ್ಜ ಸುಮಾರು ಹೊತ್ತು ಯೋಚಿಸಿ ಉತ್ತರ ಕೊಟ್ರು, ಅವಳು ಒಪ್ಪಲಿಲ್ಲ. ಯಾರ ದನಿಯೂ ಏರಲಿಲ್ಲ. ನನಗೆ ಮತ ಇರಲಿಲ್ಲ, ಆದ್ರೂ ಆ ತೊಟ್ಟಿಯಿಂದ ಎದ್ದು ಬರೋ ಮನಸ್ಸಾಗಲಿಲ್ಲ.

ಜೂನ್ 1ಕ್ಕೆ ಮತದಾನ. ಮೊದಲ ಸಮೀಕ್ಷೆಗಳಲ್ಲಿ ತೀರಾ ಕೆಳಗಿದ್ದ ಹಾಲ್ಲಾ ಟೋಮಸ್‌ದೋತ್ತಿರ್ ಅನ್ನೋ ಮಹಿಳೆ 34 ಶೇಕಡಾ ಮತ ತಗೊಂಡು ಗೆದ್ರು. 1980ರಲ್ಲಿ ವಿಗ್ದಿಸ್ ಫಿನ್ಬೊಗಾದೋತ್ತಿರ್ ಗೆದ್ದಾಗ ಇಡೀ ಜಗತ್ತಿನಲ್ಲೇ ಜನ ನೇರವಾಗಿ ಚುನಾಯಿಸಿದ ಮೊದಲ ಮಹಿಳಾ ಅಧ್ಯಕ್ಷೆ ಅವರು. ಅದಕ್ಕೂ ಐದು ವರ್ಷ ಮುಂಚೆ, 1975ರ ಅಕ್ಟೋಬರ್ 24ರಂದು, ಇಲ್ಲಿನ ನೂರಕ್ಕೆ ತೊಂಬತ್ತು ಹೆಂಗಸರು ಸಮಾನ ಹಕ್ಕು ಕೇಳಿ ಕಚೇರಿ, ಅಡುಗೆಮನೆ ಎರಡರ ಕೆಲಸವನ್ನೂ ಬಿಟ್ಟು ಮುಷ್ಕರ ಮಾಡಿದ್ರು. ಹಾಲ್ಲಾ ಗೆಲುವನ್ನ ಆ ದಿನದಿಂದ ಬೇರೆ ಮಾಡಿ ನೋಡೋಕೆ ನನಗಾಗಲ್ಲ.

ಜೂನ್ 17, ಗಣರಾಜ್ಯಕ್ಕೆ 80 ವರ್ಷ. ಸಂಸತ್ತಿನ ಮುಂದಿನ ಮೈದಾನದಲ್ಲಿ ‘ಬೆಟ್ಟದ ತಾಯಿ’ಯ, ಅಂದ್ರೆ ದೇಶವನ್ನೇ ಹೆಣ್ಣಾಗಿ ಕಾಣೋ ರೂಪದ, ವೇಷದಲ್ಲಿ ಒಬ್ಬ ಮಹಿಳೆ ಪದ್ಯ ಓದ್ತಾರೆ. ದೇಶದ ಹುಟ್ಟುಹಬ್ಬದಲ್ಲಿ ಶಸ್ತ್ರಗಳ ಪ್ರದರ್ಶನ ಇಲ್ಲ, ಕವಿತೆ ಇದೆ. ಈ ಸಲ ಆ ಪದ್ಯಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡಿ ಜನಕ್ಕೆ ಉಚಿತವಾಗಿ ಹಂಚಿದ್ರು. ನನ್ನ ಪ್ರತಿ ಇಲ್ಲಿದೆ, ನೋಡಿ.

ಆಗಸ್ಟ್ ಮೊದಲ ವಾರ ವೆಸ್ಟ್‌ಮನ್ ದ್ವೀಪದಲ್ಲಿ ಜನೋತ್ಸವ. 1874ರಲ್ಲಿ ಹವೆ ಕೆಟ್ಟು ದ್ವೀಪದವರು ಮುಖ್ಯ ನಾಡಿನ ಉತ್ಸವಕ್ಕೆ ಬರೋಕಾಗದೇ ತಮ್ಮದೇ ಹಬ್ಬ ಮಾಡ್ಕೊಂಡ್ರು, ಅಲ್ಲಿಂದ ಶುರು. ಭಾನುವಾರ ರಾತ್ರಿ ಬೆಟ್ಟದ ಇಳಿಜಾರಲ್ಲಿ ಸಾವಿರಾರು ಜನ ಕೂತು ಒಟ್ಟಿಗೆ ಹಾಡ್ತಾರೆ. ಕೆಳಗೆ ಒಬ್ಬ ಗಿಟಾರ್ ಹಿಡಿದು ನಿಂತಿರ್ತಾನೆ, ಅಷ್ಟೇ. ಈ ಕ್ಲಿಪ್‌ನಲ್ಲಿ ನಾನು ಮಾತಾಡಲ್ಲ, ಸ್ವಲ್ಪ ಕೇಳಿ.

ಅದೇ ತಿಂಗಳ 24ಕ್ಕೆ ರಾಜಧಾನಿ ರೇಕ್ಯಾವಿಕ್‌ನ ‘ಸಂಸ್ಕೃತಿಯ ರಾತ್ರಿ’. ಆ ರಾತ್ರಿ ಮೂವರು ಎಳೆಯರಿಗೆ ಚಾಕು ಇರಿತ ಆಯ್ತು. ಅವರಲ್ಲಿ ಹದಿನೇಳರ ಹುಡುಗಿ ಕೆಲವು ದಿನಗಳ ನಂತರ ತೀರಿಕೊಂಡಳು. ಇಂಥದ್ದು ಇಲ್ಲಿ ತೀರಾ ಅಪರೂಪ. ಎಲ್ಲರಿಗೂ ಅವಳನ್ನೋ, ಅವಳ ಶಾಲೆಯವರನ್ನೋ, ಸಂಬಂಧಿಕರನ್ನೋ ಬಲ್ಲ ಒಬ್ಬರು ಗೊತ್ತಿದ್ರು. ಆ ರಾತ್ರಿಯ ಚಿತ್ರಗಳನ್ನ ನಾನು ಹಾಕ್ತಿಲ್ಲ.

ಅಕ್ಟೋಬರ್‌ನಲ್ಲಿ ಸಮ್ಮಿಶ್ರ ಸರ್ಕಾರ ಬಿತ್ತು, ನವೆಂಬರ್ 30ಕ್ಕೆ ಸಂಸತ್ ಚುನಾವಣೆ. ಹಿಮ ಬೀಳೋ ಕಾಲ, ಪೂರ್ವದ ಕಡೆ ರಸ್ತೆಗಳದ್ದೇ ಚಿಂತೆ. ಸೋಷಿಯಲ್ ಡೆಮಾಕ್ರಾಟ್ ಪಕ್ಷ 63ರಲ್ಲಿ 15 ಸ್ಥಾನ ಗೆದ್ದು ಮುಂದೆ ಬಂತು. ಡಿಸೆಂಬರ್ 21, ವರ್ಷದಲ್ಲೇ ಅತಿ ಚಿಕ್ಕ ಹಗಲು, ಆವತ್ತು 36ರ ಕ್ರಿಸ್ತ್ರೂನ್ ಫ್ರೊಸ್ತಾದೋತ್ತಿರ್ ಪ್ರಧಾನಿ ಆದ್ರು. ಸರ್ಕಾರದ ಮೂರೂ ಪಕ್ಷಗಳಿಗೆ ಮಹಿಳೆಯರೇ ನಾಯಕಿಯರು. ಚರ್ಚಿನ ಬಿಷಪ್ ಆಗಿ ಸೆಪ್ಟೆಂಬರ್‌ನಲ್ಲೇ ಗುದ್ರೂನ್ ಹೆಲ್ಗುದೋತ್ತಿರ್ ದೀಕ್ಷೆ ಪಡೆದಿದ್ರು.

ಎರಡು ದಿನ ಕಳೆದು, ಡಿಸೆಂಬರ್ 23. ರಾಷ್ಟ್ರೀಯ ರೇಡಿಯೋದಲ್ಲಿ ಜನ ಕಳಿಸಿದ ಕ್ರಿಸ್‌ಮಸ್ ಶುಭಾಶಯಗಳನ್ನ ಗಂಟೆಗಟ್ಟಲೆ ಓದ್ತಾರೆ. ಯಾವುದೋ ಹಳ್ಳಿಯ ಅಜ್ಜಿಯಿಂದ ಮೊಮ್ಮಕ್ಕಳಿಗೆ, ದೋಣಿಯವರಿಂದ ಮನೆಯವರಿಗೆ. ಒಂದೇ ದನಿ, ಒಂದೇ ಲಯ. ಪಕ್ಕದ ಮನೆಯವರು ಅದನ್ನ ಹಾಕ್ಕೊಂಡೇ ಅಡುಗೆ ಮಾಡ್ತಿದ್ರು, ನಾನು ಹಪ್ಪಳ ಕೊಡೋಕೆ ಹೋಗಿದ್ದೆ. ರಕ್ಷಣಾ ತಂಡಗಳಿಗೆ ದುಡ್ಡು ಎಲ್ಲಿಂದ ಬರುತ್ತೆ ಅಂತ ಆಗ ಕೇಳಿದೆ. ಬಹುಪಾಲು ಪಟಾಕಿಯಿಂದ ಅಂದ್ರು! ಹೊಸ ವರ್ಷದ ಪಟಾಕಿಯನ್ನ ದೇಶದ ತುಂಬ ಹೆಚ್ಚಾಗಿ ಆ ತಂಡಗಳೇ ಮಾರ್ತವೆ, ಆ ಹಣದಲ್ಲೇ ಹಗ್ಗ, ಜೀಪು, ಹೆಲ್ಮೆಟ್ಟು. 28ರಿಂದ ಮಾರಾಟ, ಕೈ ಸಾಲದು, ಬರ್ತೀಯಾ ಅಂತ ಕೇಳಿದ್ರು. ಸಂಜೆ ಪಾಳಿಗೆ ಹೆಸರು ಕೊಟ್ಟಿದ್ದೀನಿ.